ಕೋಲಾರದ ಗೋಡೆಯೊಳಗೆ ಆರಡಿ ರೀಫ್ ಟ್ಯಾಂಕ್, ಅದೂ ಚಿಲ್ಲರ್ ಇಲ್ಲದೆ

ಕೋಲಾರದ ಬಿಸಿಲಿಗೆ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಇಲ್ಲದೆ ರೀಫ್ ಟ್ಯಾಂಕ್, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ತೊಟ್ಟಿ, ಮೂರು ತಿಂಗಳೂ ಉಳಿಯಲ್ಲ ಅಂತ ಬೆಂಗಳೂರಿನ ಒಂದು ಅಂಗಡಿಯವರು ಖಡಾಖಂಡಿತವಾಗಿ ಹೇಳಿದ್ದರು. ಈಗ ಎರಡು ಬೇಸಿಗೆ ದಾಟಿದೆ. ಟೋಡ್‌ಸ್ಟೂಲ್ ಲೆದರ್ ಅನ್ನುವ ಮೆತ್ತನೆ ಹವಳ ಮುಕ್ಕಾಲು ಅಡಿ ಅಗಲಕ್ಕೆ ಬಿಚ್ಚಿಕೊಂಡು ನಿಂತಿದೆ. ಝೋಆಂಥಿಡ್‌ಗಳನ್ನು (ಗುಂಪಾಗಿ ಬೆಳೆಯುವ, ಹೂವಿನಂಥ, ಹವಳದ ಬಳಗದ ಜೀವಿಗಳು) ಕಿತ್ತು ಗೆಳೆಯರಿಗೆ ಕೊಡುವಷ್ಟು ಆಗಿದೆ. ಚಿಲ್ಲರ್ ಇವತ್ತಿಗೂ ಮನೆಗೆ ಬಂದಿಲ್ಲ.  ಅಂಕಿಗಳೆಲ್ಲ ನೆನಪಿನಿಂದ ಬರೆದವು, ಒಂದೆರಡು ಸಾವಿರ ಆಚೀಚೆ ಇರಬಹುದು.

ಮೊದಲು ಗೋಡೆ. ಹಾಲ್‌ಗೂ ಹಿಂದಿನ ಸಾಮಾನು ಕೋಣೆಗೂ ನಡುವೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಇತ್ತು. "ಸಾರ್, ಇಷ್ಟಗಲ ಒಡೆದರೆ ಮೇಲಿಂದ ಇಳಿಯುತ್ತೆ, ನಾನು ಗ್ಯಾರಂಟಿ ಕೊಡಲ್ಲ" ಅಂದರು ಮೇಸ್ತ್ರಿ. ಅವರ ಮಾತು ಸರಿಯೇ. ಎಂಟಡಿ ಲಿಂಟಲ್ ಹಾಕಿ, ಅದು ಗಟ್ಟಿಯಾಗುವ ತನಕ ಜಾಕ್ ಕೊಟ್ಟು, ಆಮೇಲೆ ಕೆಳಗಿನ ಇಟ್ಟಿಗೆ ತೆಗೆಸಿದೆ. ಪಿಲ್ಲರ್, ಬೀಮ್ ತಂಟೆಗೆ ಹೋಗಲಿಲ್ಲ. ಅಮ್ಮನಿಗೆ ವಾಸ್ತುವಿನ ಚಿಂತೆ. ಗೋಡೆ ಈಶಾನ್ಯದ ಕಡೆಗೇ ಇದ್ದದ್ದರಿಂದ ಬಚಾವಾದೆ.

ಟ್ಯಾಂಕ್ ಅಳತೆ ಆರಡಿ ಉದ್ದ, ಎರಡೂವರೆ ಅಗಲ, ಎರಡಡಿ ಎತ್ತರ. ಗಾಜು 15 ಎಂಎಂ. ನೀರು, ಗಾಜು, ಕಲ್ಲು ಸೇರಿ ಹತ್ತಿರ ಹತ್ತಿರ ಒಂದು ಟನ್. ಎಲ್ಲರೂ ಕಬ್ಬಿಣದ ಸ್ಟ್ಯಾಂಡ್ ಮಾಡಿಸುತ್ತಾರೆ, ಪೌಡರ್ ಕೋಟಿಂಗ್‌ಗೆ ದುಡ್ಡು ಸುರಿಯುತ್ತಾರೆ. ಆದರೂ ಉಪ್ಪುನೀರು ವೆಲ್ಡಿಂಗ್ ಜಾಗ ಹುಡುಕಿಕೊಂಡು ತುಕ್ಕು ಹಿಡಿಸುತ್ತದೆ. ನಮ್ಮ ಕಡೆ ಗ್ರಾನೈಟ್‌ಗೆ ಬರ ಇದೆಯಾ? ಕಾಂಕ್ರೀಟ್ ಬ್ಲಾಕ್ ಗೋಡೆ ಎಬ್ಬಿಸಿ ಮೇಲೆ ದಪ್ಪ ಚಪ್ಪಡಿ ಕೂರಿಸಿದೆ. ಅದರ ಮೇಲೆ ಥರ್ಮಾಕೋಲ್, ಅದರ ಮೇಲೆ ಟ್ಯಾಂಕ್. ಒಡೆದು ಕಟ್ಟಿದ್ದು, ಚಪ್ಪಡಿ, ಕೂಲಿ ಎಲ್ಲ ಸೇರಿ ನಲವತ್ತೈದು ಸಾವಿರದ ಒಳಗೆ ಮುಗಿಯಿತು.

ಗೋಡೆ ಟ್ಯಾಂಕ್ ಮಾಡುವವರಿಗೆ ಒಂದು ಮಾತು. ಹಾಲ್ ಕಡೆಯಿಂದ ಚೆಂದ ಕಾಣುವುದಷ್ಟೇ ನೋಡಬೇಡಿ. ಟ್ಯಾಂಕ್ ಮೇಲೆ ಕನಿಷ್ಠ ಎರಡಡಿ ಖಾಲಿ ಜಾಗ ಬೇಕು. ಇಲ್ಲದಿದ್ದರೆ ಲೈಟ್ ಎತ್ತಲು ಆಗಲ್ಲ, ತಳದ ಕಲ್ಲು ಮುಟ್ಟಲು ಆಗಲ್ಲ. ನಮ್ಮ ಹಿಂದಿನ ಕೋಣೆಯಲ್ಲಿ ಉದ್ದಕ್ಕೂ ಒಂದು ಕಟ್ಟೆ ಕಟ್ಟಿಸಿದ್ದೇನೆ, ಅದರ ಮೇಲೆ ನಿಂತು ಕೆಲಸ. ಹಾಲ್ ಕಡೆಯ ಚೌಕಟ್ಟನ್ನು ಮೊದಲು ಪ್ಲೈವುಡ್‌ನಲ್ಲಿ ಮಾಡಿಸಿದ್ದೆ, ಒಂದೇ ಮಳೆಗಾಲಕ್ಕೆ ಉಬ್ಬಿತು. ಈಗ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಹಲಗೆ, ಮ್ಯಾಗ್ನೆಟ್‌ನಲ್ಲಿ ಕೂತಿದೆ. ಎಳೆದರೆ ಕೈಗೆ ಬರುತ್ತದೆ, ಒರೆಸಿ ಮತ್ತೆ ಹಾಕುತ್ತೇನೆ.

ಈಗ ಚಿಲ್ಲರ್ ವಿಷಯ. ನಮ್ಮ ಗಾಳಿ ಒಣ. ಏಪ್ರಿಲ್ ಮಧ್ಯಾಹ್ನ ಹೊರಗೆ 36-37 ಡಿಗ್ರಿ ಇದ್ದಾಗಲೂ ಆ ಒಣ ಗಾಳಿಯೇ ಕೆಲಸಕ್ಕೆ ಬರುತ್ತದೆ. ನೀರಿನ ಮೇಲೆ ಗಾಳಿ ಬೀಸಿದರೆ ನೀರು ಆವಿಯಾಗುತ್ತದೆ, ಹೋಗುವಾಗ ಶಾಖ ಹೊತ್ತುಕೊಂಡು ಹೋಗುತ್ತದೆ. ಕಂಪ್ಯೂಟರ್‌ಗೆ ಹಾಕುವ 120 ಎಂಎಂ ಫ್ಯಾನ್ ಆರು, ಆರುನೂರು ರೂಪಾಯಿಯ ಒಂದು ಟೆಂಪರೇಚರ್ ಕಂಟ್ರೋಲರ್. ಫ್ಯಾನ್ ಇಲ್ಲದೆ 31ರ ಹತ್ತಿರ ಹೋಗುತ್ತಿದ್ದ ನೀರು 27-27.5ರಲ್ಲಿ ನಿಂತಿತು. ಇದನ್ನೇ ಚೆನ್ನೈನ ಒಬ್ಬ ಗೆಳೆಯ ಮಾಡಿ ನೋಡಿದ, ಅವನಿಗೆ ಒಂದು ಡಿಗ್ರಿ ಇಳಿದಿದ್ದೇ ಹೆಚ್ಚು. ಕಡಲ ಪಕ್ಕದ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ಅಲ್ವಾ? ಸಮುದ್ರ ಇರುವ ಊರಿಗಿಂತ ಇಲ್ಲದ ಊರಲ್ಲೇ ಇದು ಸುಲಭ ಅಂತ ಅವನನ್ನು ಈಗಲೂ ರೇಗಿಸುತ್ತೇನೆ.

ಆದರೆ ಫ್ಯಾನ್ ಹಾಕಿ ಸುಮ್ನೆ ಕೂತರೆ ಆಗಲ್ಲ. ಮೊದಲ ವಾರ ಚೆನ್ನಾಗಿ ತಂಪಾಯಿತು, ಆಮೇಲೆ ನಿಂತುಹೋಯಿತು. ಹಿಂದಿನ ಕೋಣೆಯ ಗಾಳಿಯೇ ಒದ್ದೆಯಾಗಿತ್ತು, ಗೋಡೆ ಬೆವರುತ್ತಿತ್ತು, ಸ್ವಿಚ್ ಬೋರ್ಡ್ ಮೇಲೆ ಉಪ್ಪು ಕೂತಿತ್ತು. ಎಕ್ಸಾಸ್ಟ್ ಫ್ಯಾನ್ ಹಾಕಿದ ಮೇಲೆ ಸರಿಹೋಯಿತು. ಹೊಸ ಗಾಳಿ ಯಾವ ಎತ್ತರದಿಂದ, ಯಾವ ಕಡೆಯಿಂದ ಒಳಗೆ ಬರಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ. ಅದನ್ನು ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ. ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದ ಕೆಲವು ದಿನ ಮಾತ್ರ ಫ್ಯಾನ್ ಸೋಲುತ್ತದೆ, 28.5 ಮುಟ್ಟುತ್ತದೆ. ಆಗ ಲೈಟ್ ಎರಡು ಗಂಟೆ ಕಡಿಮೆ ಮಾಡುತ್ತೇನೆ. ಎಪ್ಪತ್ತು ಸಾವಿರದ ಚಿಲ್ಲರ್‌ಗೆ ಬದಲು ನನಗೆ ತಗುಲಿದ್ದು ಆರು ಸಾವಿರದ ಒಳಗೆ.

ಫ್ಯಾನ್‌ಗೆ ಕೊಡುವ ಬೆಲೆ ನೀರು. ಬೇಸಿಗೆಯಲ್ಲಿ ದಿನಕ್ಕೆ ಹದಿನೈದು ಲೀಟರ್ ತನಕ ಆವಿಯಾಗುತ್ತದೆ. ಆಟೋ ಟಾಪ್ ಆಫ್ (ಆವಿಯಾದಷ್ಟು ಸಿಹಿನೀರನ್ನು ತಾನೇ ತುಂಬುವ ಸಾಧನ) ಇಲ್ಲದೆ ಈ ದಾರಿಗೆ ಇಳಿಯಬೇಡಿ. "ಕುಡಿಯೋಕೆ ಟ್ಯಾಂಕರ್ ತರಿಸೋ ಊರಲ್ಲಿ ಮೀನಿಗೆ ಸಮುದ್ರ ಕಟ್ತೀಯೇನಪ್ಪಾ?" ಅಂತ ಪಕ್ಕದ ಮನೆಯ ಯಜಮಾನರು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಸಿಕ್ಕಿದ್ದು ಕಂದು ಪಾಚಿಯಿಂದ.

ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿರುವ ಲವಣದ ಅಳತೆ) ಸಾವಿರದ ಮೇಲೆ. ಆರ್‌ಒ, ಅದರ ಮೇಲೆ ಉಳಿದ ಲವಣ ಹಿಡಿಯುವ ಡಿಐ ರೆಸಿನ್, ಮೀಟರ್ ಸೊನ್ನೆ ತೋರಿಸುತ್ತಿತ್ತು. ಆದರೂ ಗಾಜಿನ ಮೇಲೆ, ಮರಳಿನ ಮೇಲೆ ಕಂದು ಪದರ ತಿಂಗಳುಗಟ್ಟಲೆ ಬಿಡಲಿಲ್ಲ. ಹೊಸ ಟ್ಯಾಂಕ್‌ನಲ್ಲಿ ಡಯಾಟಮ್ (ಈ ಕಂದು ಪಾಚಿ) ಬಂದು ಹೋಗುವುದು ಇದ್ದದ್ದೇ, ಇದು ಹೋಗಲೇ ಇಲ್ಲ. ಕಾರಣ ಸಿಲಿಕಾ, ಆ ಪಾಚಿ ಚಿಪ್ಪು ಕಟ್ಟಿಕೊಳ್ಳುವುದೇ ಅದರಿಂದ. ಗ್ರಾನೈಟ್ ಬಂಡೆಯ ಆಳದಿಂದ ಬರುವ ನೀರಲ್ಲಿ ಅದು ಜಾಸ್ತಿ. ಆರ್‌ಒದ ಮೆಂಬ್ರೇನ್ ಸ್ವಲ್ಪ ಬಿಟ್ಟುಬಿಡುತ್ತದೆ, ರೆಸಿನ್ ಸವೆದಾಗ ಮೊದಲು ತಪ್ಪಿಸಿಕೊಳ್ಳುವುದರಲ್ಲಿ ಇದೂ ಒಂದು. ಟಿಡಿಎಸ್ ಮೀಟರ್‌ಗೆ ಇದು ಕಾಣುವುದೇ ಇಲ್ಲ. ಸಿಲಿಕಾ ಟೆಸ್ಟ್ ಕಿಟ್ ತಂದ ಮೇಲೆ ಗೊತ್ತಾಯಿತು. ರೆಸಿನ್ ಬದಲಿಸಿ ಬದಲಿಸಿ ಹಣ ಹೋಗುತ್ತಿತ್ತು, ಜೊತೆಗೆ ಒಂದು ಲೀಟರ್ ಒಳ್ಳೆ ನೀರಿಗೆ ಮೂರು ನಾಲ್ಕು ಲೀಟರ್ ವೇಸ್ಟ್.

ಮಾಳಿಗೆಯ ಮಳೆ ನೀರು ಹಿಡಿದೆ. ಮೊದಲ ಮಳೆ ಚರಂಡಿಗೆ, ಆಮೇಲಿನದು ಮರಳು, ಇದ್ದಿಲು ದಾಟಿ ಕತ್ತಲೆ ಟ್ಯಾಂಕಿಗೆ. ಟಿಡಿಎಸ್ ಹದಿನೈದು ಇಪ್ಪತ್ತು. ಅದನ್ನು ಆರ್‌ಒಗೆ ಕೊಟ್ಟರೆ ವೇಸ್ಟ್ ತೀರಾ ಕಡಿಮೆ, ರೆಸಿನ್ ವರ್ಷ ಬಾಳುತ್ತದೆ, ಕಂದು ಪದರ ಮೂರು ವಾರದಲ್ಲಿ ಮಾಯ. ತಿಂಗಳಿಗೆ ಐನೂರು ಲೀಟರ್ ಚಿಲ್ಲರೆ ಬೇಕು. ಸೆಪ್ಟೆಂಬರ್, ಅಕ್ಟೋಬರ್ ಮಳೆ ಸರಿಯಾಗಿ ಬಿದ್ದರೆ ಐದು ಸಾವಿರ ಲೀಟರ್ ಕೂಡಿಡುವುದು ಕಷ್ಟವಲ್ಲ. ಯಜಮಾನರು ಈಗ ತಮ್ಮ ಮಾಳಿಗೆಗೂ ಪೈಪ್ ಹಾಕಿಸಿದ್ದಾರೆ, ಮೀನಿಗಲ್ಲ, ಬೇಳೆ ಬೇಯಿಸೋಕೆ.

ಕಲ್ಲಿನ ವಿಷಯಕ್ಕೆ ಬರೋಣ. ಗಟ್ಟಿ ಹವಳ ನಾನು ಇಟ್ಟಿಲ್ಲ, ಇಡುವುದೂ ಇಲ್ಲ. ರೀಫ್ ಕಟ್ಟುವ ಹವಳಗಳು, ಸೀ ಫ್ಯಾನ್, ಕಡಲ್ಗುದುರೆ ಇವೆಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ಗೆ ಸೇರಿವೆ. ತೀರದಿಂದ ಎತ್ತಿ ತಂದ ಸತ್ತ ಹವಳದ ಕಲ್ಲನ್ನೂ ಮುಟ್ಟಬೇಡಿ. ಹಾಗಾಗಿ ಕಲ್ಲು ನಾನೇ ಮಾಡಿದೆ. ಸಿಮೆಂಟ್ ಒಂದು ಪಾಲು, ಮೊಟ್ಟೆ ಕೋಳಿಗೆ ಹಾಕುವ ಚಿಪ್ಪಿನ ಚೂರು ಮೂರು ಪಾಲು, ಕಲ್ಲುಪ್ಪು. ಉಪ್ಪು ಕರಗಿ ಹೋದ ಜಾಗದಲ್ಲಿ ತೂತು ಉಳಿಯುತ್ತದೆ. ಮೊದಲ ಸಲ ಉಪ್ಪು ಜಾಸ್ತಿಯಾಗಿ ಕಲ್ಲು ಕೈಯಲ್ಲೇ ಪುಡಿಯಾಯಿತು. ಎಷ್ಟು ಉಪ್ಪು ಅನ್ನುವುದನ್ನು ನೀವೇ ಮಾಡಿ ಕಂಡುಕೊಳ್ಳಿ, ನನಗೂ ಯಾರೂ ಹೇಳಲಿಲ್ಲ! ಡ್ರಮ್ಮಿನಲ್ಲಿ ನೀರು ಬದಲಿಸುತ್ತಾ ಎರಡು ತಿಂಗಳ ಮೇಲೆ ನೆನೆಹಾಕಿದೆ. ಶುರುವಿನಲ್ಲಿ ಪಿಎಚ್ 12ರ ಹತ್ತಿರ ಇತ್ತು, 8.4ಕ್ಕೆ ಇಳಿದ ಮೇಲೆ ಟ್ಯಾಂಕಿಗೆ. ಖರ್ಚು ನಾಲ್ಕು ಸಾವಿರ. ಬೆಂಗಳೂರಲ್ಲಿ ಇದೇ ತೂಕದ ರೆಡಿ ಕಲ್ಲಿಗೆ ಎಂಬತ್ತು ಸಾವಿರ ಕೇಳಿದ್ದರು. ಸೈಕಲ್‌ಗೆ, ಅಂದರೆ ಮೀನು ಬಿಡುವ ಮುಂಚೆ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಬೆಳೆಸುವುದಕ್ಕೆ, ಅಮೋನಿಯಂ ಕ್ಲೋರೈಡ್ ಬಳಸಿದೆ. ಕಲಾಯಿಯವರ ನವಸಾಗರವೂ ಅದೇ, ಆದರೆ ಪೇಟೆ ಮಾಲಲ್ಲಿ ಏನು ಬೆರೆತಿರುತ್ತದೋ ಅಂತ ಲ್ಯಾಬ್ ಗ್ರೇಡ್ ತರಿಸಿದೆ.

ನಡುವೆ ಒಂದು ಹುಚ್ಚು ಪ್ರಯೋಗ. ನಮ್ಮ ಟೊಮೆಟೊ ಲಾರಿಗಳು ಚೆನ್ನೈಗೆ ಹೋಗಿ ಖಾಲಿ ಬರುತ್ತವಲ್ಲ, ಪರಿಚಯದ ಡ್ರೈವರ್ ಕೈಲಿ ಇಪ್ಪತ್ತು ಲೀಟರ್ ಕ್ಯಾನ್‌ಗಳಲ್ಲಿ ಸಮುದ್ರದ ನೀರನ್ನೇ ತರಿಸಿದೆ. ಮಳೆಗಾಲ ಮುಗಿದ ಹೊಸತು, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ 1.021 ತೋರಿಸಿತು, ರೀಫ್‌ಗೆ ಬೇಕಾದ್ದಕ್ಕಿಂತ ಕಡಿಮೆ. ಫಾಸ್ಫೇಟ್ ನೋಡಿದರೆ ಕಿಟ್‌ನ ಬಣ್ಣ ಕಡುನೀಲಿ, ಅಂದರೆ ತೀರಾ ಜಾಸ್ತಿ. ಬೇರೆ ಟಬ್‌ನಲ್ಲಿ ಇಟ್ಟು ನೋಡಿ ಚೆಲ್ಲಿದೆ. ಎಲೆ ಅಡಿಕೆಗೆ ಹಾಕುವ ಸುಣ್ಣವನ್ನು ಟಾಪ್ ಆಫ್ ನೀರಲ್ಲಿ ಕಲಸಿ ಕ್ಯಾಲ್ಸಿಯಂ ಕೊಡಬಹುದಾ ಅಂತಲೂ ನೋಡಿದೆ. ತಳದಲ್ಲಿ ಗಸಿ ಜಾಸ್ತಿ, ಪಂಪ್ ಕಟ್ಟಿಕೊಂಡಿತು. ಈಗ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಲೀಟರ್‌ಗೆ ಒಂದು ಗ್ರಾಂ. ಕ್ಯಾಲ್ಸಿಯಂ 420, ಡಿಕೆಎಚ್ (ನೀರಿನ ಕ್ಷಾರತೆಯ ಅಳತೆ) 8 ಸುತ್ತ ಅಲುಗಾಡದೆ ನಿಂತಿವೆ.

ಓವರ್‌ಫ್ಲೋಗೆ (ಟ್ಯಾಂಕ್‌ನಿಂದ ನೀರು ಕೆಳಗಿಳಿಯುವ ದಾರಿಗೆ) ಎರಡು ಪೈಪ್ ಹಾಕಿಸಿ, ಇದರಲ್ಲಿ ಜಿಪುಣತನ ಬೇಡ. ಒಂದು ರಾತ್ರಿ ಬಸವನಹುಳು ಮುಖ್ಯ ಪೈಪಿಗೆ ಬಿರಡೆಯಾಗಿ ಕೂತಿತ್ತು. ಎಮರ್ಜೆನ್ಸಿ ಪೈಪ್ ಸದ್ದು ಮಾಡಿ ಎಬ್ಬಿಸಿತು, ಹಾಲ್ ನೆಲ ಒಣಗಿಯೇ ಇತ್ತು. ಇಳಿದ ನೀರನ್ನು ಮೇಲೆತ್ತುವ ರಿಟರ್ನ್ ಪಂಪ್, ಅಲೆ ಎಬ್ಬಿಸುವ ಒಂದು ವೇವ್‌ಮೇಕರ್ ಮಾತ್ರ ಇನ್ವರ್ಟರ್ ಮೇಲೆ ಇವೆ. ಕರೆಂಟ್ ಹೋದರೂ ಏಳೆಂಟು ಗಂಟೆ ಎಳೆಯುತ್ತದೆ.

ಮೀನು ಕಡಿಮೆ. ಒಂದು ಜೋಡಿ ಕ್ಲೌನ್, ಒಂದು ಫಾಕ್ಸ್‌ಫೇಸ್, ಎರಡು ಗೋಬಿ. ಕ್ಲೌನ್ ತೊಟ್ಟಿಯಲ್ಲೇ ಹುಟ್ಟಿದವು, ಬಂದ ದಿನವೇ ಪೆಲೆಟ್ ತಿಂದವು. ಝೋಆಂಥಿಡ್ ಕತ್ತರಿಸುವಾಗ ಗ್ಲೌಸ್, ಕನ್ನಡಕ ಬೇಕೇ ಬೇಕು. ಅದು ಹತ್ತಿದ ಕಲ್ಲನ್ನು ಯಾವತ್ತೂ ಬಿಸಿ ನೀರಿಗೆ ಹಾಕಬೇಡಿ, ವಿಷ ಆವಿಯಲ್ಲೇ ಬರುತ್ತದೆ.

ಒಟ್ಟು ಖರ್ಚು ಮೂರು ಲಕ್ಷ ಇಪ್ಪತ್ತು ಸಾವಿರದ ಹತ್ತಿರ. ಗಾಜು ಅರವತ್ತು, ಲೈಟ್ ಐವತ್ತು, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಮೂವತ್ತು ಸಾವಿರ, ಮಿಕ್ಕಿದ್ದು ಪಂಪ್, ಇನ್ವರ್ಟರ್, ಉಪ್ಪು, ಹಾಳಾದದ್ದು. ಬೆಂಗಳೂರಿನ ಕೊಟೇಶನ್ ಏಳೂವರೆ ಲಕ್ಷ ಇತ್ತು. ತಿಂಗಳಿಗೆ ಕರೆಂಟ್ ಎರಡೂವರೆ ಸಾವಿರ, ಉಪ್ಪು ಒಂದೂವರೆ. ಸದ್ಯಕ್ಕೆ ಉಳಿದಿರುವ ತಲೆನೋವು ಐಪ್ಟೇಸಿಯಾ, ಕಳೆಯಂತೆ ಹಬ್ಬುವ ಸಣ್ಣ ಸೀ ಅನಿಮೋನ್. ಸುಣ್ಣದ ಗಸಿ ಸಿರಿಂಜ್‌ನಲ್ಲಿ ಹಾಕಿ ಸುಟ್ಟರೂ ಪಕ್ಕದಲ್ಲಿ ಮತ್ತೆ ಏಳುತ್ತಿದೆ. ಅದನ್ನು ತಿನ್ನುವ ಪೆಪ್ಪರ್‌ಮಿಂಟ್ ಸಿಗಡಿ ಹೇಳಿದ್ದೇನೆ, ಬಂದರೆ ಬಿಟ್ಟು ನೋಡಬೇಕು.