ಹಿನ್ನೆಲೆಯಿಂದ ವ್ಯಕ್ತಿಯನ್ನು ಬೇರ್ಪಡಿಸುವ ಕ್ರಮ: ಅಂಚಿಗೆ ತಕ್ಕ ಉಪಕರಣ

ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯದ ಕೆಂಪು ಗೋಡೆಯ ಎದುರು, ಕುಂಕುಮ ಬಣ್ಣದ ರೇಷ್ಮೆ ಸೀರೆಯುಟ್ಟು ಮೊಗ್ಗಿನ ಜಡೆ ಹಾಕಿಸಿಕೊಂಡ ವಧುವೊಬ್ಬಳು ಪಕ್ಕಕ್ಕೆ ತಿರುಗಿ ನಿಂತಿರುವ ಚಿತ್ರವೊಂದು ನಿಮ್ಮ ಬಳಿ ಇದೆ ಎಂದುಕೊಳ್ಳಿ. ಗೋಡೆಯನ್ನು ತೆಗೆದು, ಆಕೆಯನ್ನು ಮಾತ್ರ ಆಮಂತ್ರಣ ಪತ್ರಿಕೆಯ ತಿಳಿಹಳದಿ ಹಿನ್ನೆಲೆಯ ಮೇಲೆ ಕೂರಿಸಬೇಕಾಗಿದೆ. ಮೇಲ್ನೋಟಕ್ಕೆ ಇದು ಒಂದೇ ಕೆಲಸವೆನಿಸಿದರೂ ವಾಸ್ತವದಲ್ಲಿ ಇಲ್ಲಿ ಮೂರು ನಾಲ್ಕು ಬಗೆಯ ಅಂಚುಗಳಿವೆ. ಪ್ರತಿಯೊಂದು ಅಂಚೂ ಬೇರೆ ಉಪಕರಣವನ್ನು ಬೇಡುತ್ತದೆ. ಒಂದೇ ಉಪಕರಣದಿಂದ ಇಡೀ ಆಕೃತಿಯನ್ನು ಸುತ್ತುವರಿಯಲು ಹೊರಟಾಗಲೇ ಕತ್ತರಿಸಿ ಅಂಟಿಸಿದಂತೆ ಕಾಣುವ ಚಿತ್ರಗಳು ಹುಟ್ಟುತ್ತವೆ.

ಫೋಟೊಶಾಪ್‌ನಲ್ಲಿ 2018ರಿಂದ ಲಭ್ಯವಿರುವ ‘ಸೆಲೆಕ್ಟ್ ಸಬ್ಜೆಕ್ಟ್’ ಆಜ್ಞೆಯಿಂದ ಆರಂಭಿಸುವುದು ತಪ್ಪಲ್ಲ. ಆದರೆ ಅದು ಕೊಡುವುದನ್ನು ಕರಡು ಎಂದಷ್ಟೇ ಭಾವಿಸಬೇಕು. ನಮ್ಮ ಚಿತ್ರದಲ್ಲಿ ಮುಖ, ತೋಳುಗಳನ್ನು ಅದು ಬಹುಮಟ್ಟಿಗೆ ಸರಿಯಾಗಿಯೇ ಗುರುತಿಸಬಹುದು. ಕೆಂಪು ಸೀರೆ ಕೆಂಪು ಗೋಡೆಗೆ ತಾಗುವಲ್ಲಿ ತಡವರಿಸುತ್ತದೆ, ಹಾರಾಡುವ ಕೂದಲನ್ನು ಬೋಳಿಸಿಬಿಡುತ್ತದೆ, ಸೊಂಟದ ಮೇಲಿಟ್ಟ ಕೈಯ ನಡುವಿನ ಖಾಲಿ ಜಾಗದಲ್ಲಿ ಗೋಡೆಯನ್ನು ಹಾಗೆಯೇ ಉಳಿಸಲೂಬಹುದು. ಒಂದೇ ಒತ್ತಿನಲ್ಲಿ ಹಿನ್ನೆಲೆ ತೆಗೆದುಕೊಡುವ ಜಾಲತಾಣಗಳ ಫಲಿತಾಂಶ ವಾಟ್ಸ್ಆ್ಯಪ್ ಡಿಪಿಗೆ ಸಾಕಾದೀತು, ಮುದ್ರಣಕ್ಕೆ ಸಾಲದು. ಅಲ್ಲದೆ ಮನೆಯ ಹೆಣ್ಣುಮಗಳ ಚಿತ್ರವನ್ನು ಗುರುತಿಲ್ಲದ ತಾಣಕ್ಕೆ ಏರಿಸುವ ಮುನ್ನ ಎರಡು ಬಾರಿ ಯೋಚಿಸುವುದು ಒಳಿತು.

ಸೆಲೆಕ್ಷನ್ (ಆಯ್ದ ಭಾಗ) ದೊರೆತ ಕೂಡಲೇ ಡಿಲೀಟ್ ಕೀಲಿಯನ್ನು ಒತ್ತಬೇಡಿ, ಎರೇಸರ್ ಅನ್ನು ಮುಟ್ಟಲೇಬೇಡಿ. ಲೇಯರ್‌ಗಳ (ಒಂದರ ಮೇಲೊಂದು ಕೂರುವ ಚಿತ್ರದ ಪದರಗಳ) ಪಟ್ಟಿಯ ಕೆಳಗಿರುವ ಮಾಸ್ಕ್ ಗುರುತನ್ನು ಒತ್ತಿ, ಆ ಸೆಲೆಕ್ಷನ್ ಅನ್ನು ಲೇಯರ್ ಮಾಸ್ಕ್ ಆಗಿ ಬದಲಾಯಿಸಿ. ಮಾಸ್ಕ್‌ನಲ್ಲಿ ಬಿಳಿ ಇರುವಲ್ಲಿ ಚಿತ್ರ ಕಾಣುತ್ತದೆ, ಕಪ್ಪು ಇರುವಲ್ಲಿ ಮರೆಯಾಗುತ್ತದೆ, ಬೂದು ಇರುವಲ್ಲಿ ಅರೆಪಾರದರ್ಶಕವಾಗುತ್ತದೆ. 8 ಬಿಟ್ ಚಿತ್ರದಲ್ಲಿ ಈ ಬೂದುಛಾಯೆಗಳು 0ಯಿಂದ 255ರವರೆಗೆ ಹರಡಿಕೊಂಡಿರುತ್ತವೆ, ಮತ್ತು ಕೂದಲೆಳೆಯ ನಯವೆಲ್ಲ ಅಡಗಿರುವುದು ಈ ನಡುವಣ ಛಾಯೆಗಳಲ್ಲೇ. ಮೂಲ ಚಿತ್ರಕ್ಕೆ ಯಾವ ಹಾನಿಯೂ ಆಗದ ಕಾರಣ, ಮರೆಯಾದ ಕಿವಿಯೋಲೆಯನ್ನು ಬಿಳಿ ಬ್ರಷ್‌ನಿಂದ ಯಾವಾಗ ಬೇಕಾದರೂ ಮರಳಿ ಪಡೆಯಬಹುದು. ಆಲ್ಟ್ ಹಿಡಿದು ಮಾಸ್ಕ್‌ನ ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಮಾಸ್ಕ್ ಮಾತ್ರ ತೆರೆಯ ತುಂಬ ಕಾಣುತ್ತದೆ. ಒಳಗೆ ಉಳಿದ ಕಪ್ಪು ಚುಕ್ಕಿಗಳೂ ಹೊರಗೆ ಉಳಿದ ಬೂದು ಕಲೆಗಳೂ ಆಗ ಸಿಕ್ಕಿಬೀಳುತ್ತವೆ.

ಇನ್ನು ಚಿತ್ರವನ್ನು 200 ಪ್ರತಿಶತಕ್ಕೆ ಹಿಗ್ಗಿಸಿ, ತಲೆಯಿಂದ ನೆರಿಗೆಯವರೆಗೆ ಅಂಚನ್ನು ಒಮ್ಮೆ ನಿಧಾನವಾಗಿ ನೋಡಿಕೊಂಡು ಹೋಗಿ. ಸೀರೆಯ ಅಂಚು ಗಟ್ಟಿಯಾಗಿದೆ, ಆದರೆ ಅದರ ಬಣ್ಣ ಗೋಡೆಯ ಬಣ್ಣಕ್ಕೆ ಹತ್ತಿರವಾಗಿದೆ. ಬಣ್ಣದ ವ್ಯತ್ಯಾಸವನ್ನು ಆಧರಿಸಿದ ಯಾವ ಉಪಕರಣವೂ ಇಲ್ಲಿ ನಂಬಿಕೆಗೆ ಅರ್ಹವಲ್ಲ, ಆದ್ದರಿಂದ ಕಣ್ಣನ್ನೇ ನಂಬಿ, ಬಿಂದುಗಳನ್ನಿಟ್ಟು ಗೆರೆ ಎಳೆಯುವ ಪೆನ್ ಟೂಲ್ ಬಳಸಬೇಕು. ಬಿಂದುಗಳನ್ನು ಒತ್ತೊತ್ತಾಗಿ ಇಡದೆ, ಬಾಗು ತಿರುಗುವ ಕಡೆಗಳಲ್ಲಿ ಮಾತ್ರ ಇಟ್ಟು ಹಿಡಿಕೆಗಳನ್ನು ಎಳೆಯುವುದರಿಂದ ಗೆರೆ ನಯವಾಗುತ್ತದೆ. ಪಾತ್ ಅನ್ನು, ಅಂದರೆ ಈ ಗೆರೆಯನ್ನು, ಅಂಚಿನ ಮೇಲೆಯೇ ಎಳೆಯದೆ ಒಂದು ಪಿಕ್ಸೆಲ್‌ನಷ್ಟು ಒಳಕ್ಕೆ ಎಳೆಯುವುದು ಉತ್ತಮ, ಏಕೆಂದರೆ ಅಂಚಿನ ಪಿಕ್ಸೆಲ್‌ಗಳಲ್ಲಿ ಗೋಡೆಯ ಬಣ್ಣವೂ ಬೆರೆತಿರುತ್ತದೆ. ಕಂಟ್ರೋಲ್ ಮತ್ತು ಎಂಟರ್ ಒತ್ತಿ ಪಾತ್ ಅನ್ನು ಸೆಲೆಕ್ಷನ್ ಆಗಿಸಿ, ಅರ್ಧ ಪಿಕ್ಸೆಲ್ ಫೆದರ್ (ಅಂಚಿನ ಮೃದುತ್ವ) ಕೊಡಿ. ಬಳಿಕ ಮಾಸ್ಕ್‌ನ ಮೇಲೆ ಅಂಚಿನ ಒಳಭಾಗಕ್ಕೆ ಬಿಳಿ ಬಳಿದು, ಸೆಲೆಕ್ಷನ್ ಅನ್ನು ತಿರುಗಿಸಿ ಹೊರಭಾಗಕ್ಕೆ ಕಪ್ಪು ಬಳಿಯಿರಿ. ಬೇಸರದ ಕೆಲಸವೇ ಸರಿ, ಆದರೆ ಸೀರೆಯ ಅಂಚು ಇದರಿಂದಲೇ ನೇರವಾಗುವುದು.

ಕೂದಲಿಗೆ ಪೆನ್ ಟೂಲ್ ಹಿಡಿಯುವುದು ವ್ಯರ್ಥ. ಅಲ್ಲಿ ಚಾನೆಲ್‌ಗಳ ಸಹಾಯ ಪಡೆಯಬೇಕು. ಬಣ್ಣದ ಡಿಜಿಟಲ್ ಫೋಟೊ ಸಾಮಾನ್ಯವಾಗಿ ಕೆಂಪು, ಹಸಿರು, ನೀಲಿ ಎಂಬ ಮೂರು ಬೂದುಚಿತ್ರಗಳಿಂದ, ಅಂದರೆ ಚಾನೆಲ್‌ಗಳಿಂದ, ಕೂಡಿರುತ್ತದೆ. ಅವುಗಳನ್ನು ಒಂದೊಂದಾಗಿ ತೆರೆದು ನೋಡಿದರೆ, ಕೆಂಪು ಚಾನೆಲ್‌ನಲ್ಲಿ ಕೆಂಪು ಗೋಡೆ ಬೆಳ್ಳಗೂ ಕೂದಲು ಕಪ್ಪಗೂ ಕಾಣುವುದು ಗಮನಕ್ಕೆ ಬರುತ್ತದೆ. ನಮ್ಮವರ ಕಪ್ಪು ಕೂದಲಿಗೆ ಈ ವಿಧಾನ ಬಹಳ ಚೆನ್ನಾಗಿ ಒಗ್ಗುತ್ತದೆ. ಹಿನ್ನೆಲೆಯಲ್ಲಿ ಗೋಡೆಯ ಬದಲು ಬಿಸಿಲಿನ ನೀಲಿ ಆಕಾಶವಿದ್ದಿದ್ದರೆ ನೀಲಿ ಚಾನೆಲ್ ಅನ್ನು ಆರಿಸುತ್ತಿದ್ದೆವು. ಕೆಂಪು ಚಾನೆಲ್‌ನ ಒಂದು ಪ್ರತಿ ಮಾಡಿಕೊಳ್ಳಿ (ಮೂಲ ಚಾನೆಲ್ ಅನ್ನು ತಿದ್ದಿದರೆ ಚಿತ್ರದ ಬಣ್ಣವೇ ಕೆಡುತ್ತದೆ), ಆ ಪ್ರತಿಯ ಮೇಲೆ ಕಪ್ಪು ಬಿಳುಪಿನ ಮಟ್ಟ ಹೊಂದಿಸುವ ಲೆವೆಲ್ಸ್ ತೆರೆದು, ಕಪ್ಪು ಮತ್ತು ಬಿಳಿಯ ತುದಿಗಳನ್ನು ಒಳಕ್ಕೆ ಸರಿಸುತ್ತ ಕೂದಲನ್ನು ಇನ್ನಷ್ಟು ಕಪ್ಪಾಗಿಸಿ, ಗೋಡೆಯನ್ನು ಇನ್ನಷ್ಟು ಬೆಳ್ಳಗಾಗಿಸಿ. ಪೂರ್ತಿ ಕಪ್ಪು, ಪೂರ್ತಿ ಬಿಳಿ ಆಗುವವರೆಗೆ ಎಳೆಯುವ ಆಸೆಯನ್ನು ಇಲ್ಲಿ ತಡೆದುಕೊಳ್ಳಬೇಕು: ನಡುವಣ ಬೂದು ಅಳಿದರೆ ಕೂದಲೆಳೆಗಳು ಗರಗಸದ ಹಲ್ಲುಗಳಾಗುತ್ತವೆ. ಗೋಡೆಯ ಮೇಲೆ ಉಳಿದ ಕಲೆಗಳಿಗೆ ಬ್ರಷ್‌ನ ಮೋಡ್ ಅನ್ನು ಓವರ್‌ಲೇಗೆ ಬದಲಿಸಿ ಬಿಳಿ ಬಳಿದರೆ, ತಿಳಿಬೂದು ಬೆಳ್ಳಗಾಗುತ್ತದೆ, ಕಪ್ಪು ಕೂದಲು ಮಾತ್ರ ಹಾಗೆಯೇ ಉಳಿಯುತ್ತದೆ. ಕೊನೆಯಲ್ಲಿ ಈ ಪ್ರತಿಯನ್ನು ಇನ್ವರ್ಟ್ ಮಾಡಿ (ಕಪ್ಪನ್ನು ಬಿಳಿಯಾಗಿಯೂ ಬಿಳಿಯನ್ನು ಕಪ್ಪಾಗಿಯೂ ತಿರುಗಿಸಿ), ಕಂಟ್ರೋಲ್ ಹಿಡಿದು ಅದರ ಮೇಲೆ ಕ್ಲಿಕ್ ಮಾಡಿದರೆ ಸೆಲೆಕ್ಷನ್ ಸಿದ್ಧವಾಗುತ್ತದೆ. ಮಾಸ್ಕ್‌ನಲ್ಲಿ ಕೂದಲಿನ ಅಂಚಿನ ಪಟ್ಟಿಯನ್ನು ಮೊದಲೇ ಕಪ್ಪಾಗಿಸಿಟ್ಟುಕೊಂಡು, ಈ ಸೆಲೆಕ್ಷನ್ ಇರುವಾಗ ಆ ಪಟ್ಟಿಯ ಮೇಲೆ ಮಾತ್ರ ಬಿಳಿ ಬ್ರಷ್ ಓಡಿಸಿ. ಎಳೆಎಳೆಯಾಗಿ ಕೂದಲು ಮರಳಿ ಮೂಡುತ್ತದೆ.

ಜಡೆಯ ಮಲ್ಲಿಗೆ ಮೊಗ್ಗುಗಳಿಗೆ ಇದೇ ಕೆಂಪು ಚಾನೆಲ್ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅಲ್ಲಿ ಮೊಗ್ಗೂ ಬಿಳಿ, ಗೋಡೆಯೂ ಬಿಳಿ. ನೀಲಿ ಚಾನೆಲ್‌ನಲ್ಲಾದರೋ ಕೆಂಪು ಗೋಡೆ ಕಪ್ಪಾಗಿ, ಮೊಗ್ಗುಗಳು ಬೆಳ್ಳಗೆ ಎದ್ದು ನಿಲ್ಲುತ್ತವೆ. ಹೀಗೆ ಒಂದೇ ಜಡೆಯ ಕೂದಲಿಗೆ ಒಂದು ಚಾನೆಲ್, ಹೂವಿಗೆ ಇನ್ನೊಂದು. ಮೊಗ್ಗುಗಳು ಮೊದಲೇ ಬೆಳ್ಳಗಿರುವುದರಿಂದ ಈ ಬಾರಿ ಇನ್ವರ್ಟ್ ಮಾಡುವ ಅಗತ್ಯವಿಲ್ಲ.

ಸೆರಗು ತೆಳುವಾಗಿದ್ದು ಗೋಡೆ ಅದರ ಮೂಲಕ ಕಾಣುತ್ತಿದ್ದರೆ, ಮಾಸ್ಕ್‌ನ ಆ ಭಾಗಕ್ಕೆ ಕಡಿಮೆ ಒಪಾಸಿಟಿಯ (ಅಪಾರದರ್ಶಕತೆಯ) ಕಪ್ಪು ಬ್ರಷ್‌ನಿಂದ ಬೂದು ಛಾಯೆ ಕೊಡಿ. ಬಳೆಗಳ ಸಂದುಗಳನ್ನು ಮರೆಯದೆ ಪರಿಶೀಲಿಸಿ.

ಫೋಟೊಶಾಪ್ ಇಲ್ಲದವರು ನಿರಾಶರಾಗಬೇಕಿಲ್ಲ. ಉಚಿತ ತಂತ್ರಾಂಶವಾದ ಗಿಂಪ್‌ನಲ್ಲಿಯೂ ಲೇಯರ್ ಮಾಸ್ಕ್, ಪಾತ್, ಚಾನೆಲ್‌ಗಳೆಲ್ಲ ಇವೆ. ಚಾನೆಲ್‌ನ ಪ್ರತಿಯ ಮೇಲೆ ಬಲ ಕ್ಲಿಕ್ ಮಾಡಿ ‘ಚಾನೆಲ್ ಟು ಸೆಲೆಕ್ಷನ್’ ಆರಿಸಿದರೆ ಮೇಲಿನ ವಿಧಾನವೇ ನಡೆಯುತ್ತದೆ. ಆರಂಭದ ಕರಡಿಗೆ ಅಲ್ಲಿನ ‘ಫೋರ್‌ಗ್ರೌಂಡ್ ಸೆಲೆಕ್ಟ್’ ಬಳಸಿ: ವ್ಯಕ್ತಿಯ ಸುತ್ತ ಸಡಿಲವಾಗಿ ಗೆರೆ ಎಳೆದು ಎಂಟರ್ ಒತ್ತಿ, ಉಳಿಯಬೇಕಾದ ಬಣ್ಣಗಳ ಮೇಲೆಲ್ಲ ಬ್ರಷ್ ಆಡಿಸಿದರೆ ಉಳಿದದ್ದನ್ನು ಅದು ಲೆಕ್ಕ ಹಾಕುತ್ತದೆ. ದೊಡ್ಡ ಚಿತ್ರವಾದರೆ ತುಸು ಕಾಯಬೇಕಾಗುತ್ತದೆ.

ಅಂಚನ್ನು ಪರೀಕ್ಷಿಸದೆ ಮುಂದೆ ಹೋಗಬಾರದು. ವಧುವಿನ ಲೇಯರ್‌ನ ಕೆಳಗೆ ಒಮ್ಮೆ ಅಚ್ಚ ಕಪ್ಪು, ಒಮ್ಮೆ ಅಚ್ಚ ಬಿಳಿ ಬಣ್ಣದ ಲೇಯರ್ ಇಟ್ಟು ನೋಡಿ. ಬೆಳಕಿನ ಅಂಚು ಕಪ್ಪಿನ ಮೇಲೆ ಬಯಲಾಗುತ್ತದೆ, ಕಪ್ಪಂಚು ಬಿಳಿಯ ಮೇಲೆ. ಅಂಚಿನ ಕೊಳೆ ತೆಗೆದರೂ ಇನ್ನೊಂದು ತೊಂದರೆ ಉಳಿಯುತ್ತದೆ: ಗೋಡೆಗೆ ಬಿದ್ದ ಬಿಸಿಲು ಪ್ರತಿಫಲಿಸಿ ಮಲ್ಲಿಗೆಗೂ ಮೊಣಕೈಗೂ ಕೆಂಪನ್ನು ಸವರಿರುತ್ತದೆ. ಮಾಸ್ಕ್‌ನಿಂದ ಇದು ಹೋಗುವುದಿಲ್ಲ. ವಧುವಿನ ಲೇಯರ್‌ಗೆ ಕ್ಲಿಪ್ ಮಾಡಿದ (ಆಕೆಯ ಆಕೃತಿಯೊಳಗಷ್ಟೇ ಪರಿಣಾಮ ಬೀರುವ) ಹೊಸ ಲೇಯರ್ ತೆರೆದು, ಅದರ ಬ್ಲೆಂಡ್ ಮೋಡ್ ಅನ್ನು ಕಲರ್ ಎಂದಿರಿಸಿ, ಪಕ್ಕದಲ್ಲೇ ಇರುವ ಸರಿಯಾದ ಚರ್ಮದ ಅಥವಾ ಹೂವಿನ ಬಣ್ಣವನ್ನು ಎತ್ತಿಕೊಂಡು ಮೃದುವಾಗಿ ಬಳಿಯಬೇಕು. ಫೋಟೊಶಾಪ್‌ನ ‘ಸೆಲೆಕ್ಟ್ ಆ್ಯಂಡ್ ಮಾಸ್ಕ್’ ಒಳಗಿನ ‘ಡಿಕಂಟ್ಯಾಮಿನೇಟ್ ಕಲರ್ಸ್’ ಇದನ್ನೇ ತಾನಾಗಿ ಮಾಡುತ್ತದಾದರೂ ಪಿಕ್ಸೆಲ್‌ಗಳನ್ನೇ ಬದಲಿಸುವುದರಿಂದ ಫಲಿತಾಂಶವನ್ನು ಹೊಸ ಲೇಯರ್‌ನಲ್ಲೇ ಕೊಡುತ್ತದೆ. ಕೈಯಿಂದ ಬಳಿಯುವುದೇ ನನಗೆ ಹೆಚ್ಚು ಹಿಡಿತದ ದಾರಿ ಎನಿಸುತ್ತದೆ.

ಹೊಸ ಹಿನ್ನೆಲೆಯ ಬೆಳಕು ಮೂಲ ಚಿತ್ರದ ಬೆಳಕು ಬಂದ ಕಡೆಯಿಂದಲೇ ಬರುವಂತಿರಲಿ. ಪಾದದವರೆಗಿನ ಚಿತ್ರವಾದರೆ, ಕೆಳಗಿನದನ್ನು ಗಾಢವಾಗಿಸುವ ಮಲ್ಟಿಪ್ಲೈ ಮೋಡ್‌ನ ಲೇಯರ್‌ನಲ್ಲಿ ಪಾದದ ಬುಡಕ್ಕೆ ಗಾಢವಾಗಿ, ದೂರ ಹೋದಂತೆ ಮಸುಕಾಗುವಂತೆ ನೆರಳು ಬಳಿಯಿರಿ.

ಕಡತವನ್ನು ಪಿಎಸ್‌ಡಿ (ಫೋಟೊಶಾಪ್) ಅಥವಾ ಎಕ್ಸ್‌ಸಿಎಫ್ (ಗಿಂಪ್) ರೂಪದಲ್ಲಿ, ಮಾಸ್ಕ್‌ಗಳ ಸಮೇತ ಉಳಿಸಿ. ಪ್ರೂಫ್ ನೋಡಿದ ಮೇಲೆ ಮನೆಯ ಹಿರಿಯರು ಹಿನ್ನೆಲೆಯ ಬಣ್ಣ ಬದಲಿಸಲು ಹೇಳುವುದು ಬಹುತೇಕ ಖಚಿತ. ಪಾರದರ್ಶಕ ಹಿನ್ನೆಲೆ ಬೇಕಾದಲ್ಲಿ ಪಿಎನ್‌ಜಿ ಕೊಡಿ, ಏಕೆಂದರೆ ಜೆಪೆಗ್‌ನಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ. ಅವೆನ್ಯೂ ರಸ್ತೆಯ ಮುದ್ರಕರಿಗೆ ಅದನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವುದಾದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳುಹಿಸಿ.