ಎಂಟನೇ ತರಗತಿಯ ಅರ್ಜಿ

ನನ್ನ ಎಂಟನೇ ತರಗತಿಯ ಮಕ್ಕಳು ಗ್ರಾಮ ಪಂಚಾಯಿತಿಗೆ ಬರೆದ ಮೊದಲ ಅರ್ಜಿಯಲ್ಲಿ ‘ದಯಾಳುಗಳಾದ ತಾವು’ ಎಂಬ ಮಾತು ಮೂರು ಕಡೆ ಇತ್ತು. ‘ಬಡ ಮಕ್ಕಳಾದ ನಮ್ಮ ಮೇಲೆ ಕೃಪೆ ತೋರಿ’ ಎಂದು ಬೇಡಿಕೊಂಡಿದ್ದರು. ಕೇಳಿದ್ದು ಎರಡೇ: ಶಾಲೆಗೆ ಕುಡಿಯುವ ನೀರು, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು. ಅಕ್ಷರ ದುಂಡಗಿತ್ತು, ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಆದರೂ ಓದಿ ನನಗೆ ಸಂಕಟವಾಯಿತು. ಅಂದು ಬೆಳಿಗ್ಗೆಯಷ್ಟೇ ಪ್ರಾರ್ಥನೆಯಲ್ಲಿ ಇದೇ ಮಕ್ಕಳು ‘ಭಾರತದ ಪ್ರಜೆಗಳಾದ ನಾವು’ ಎಂದು ಸಂವಿಧಾನದ ಪೀಠಿಕೆಯನ್ನು ಒಕ್ಕೊರಲಿನಿಂದ ಓದಿದ್ದರು.

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ವಿಧಿಗಳೆಷ್ಟು, ಅನುಸೂಚಿಗಳೆಷ್ಟು ಎಂದು ಬಾಯಿಪಾಠ ಮಾಡಿಸುವುದರಲ್ಲಿ ನಾನೂ ವರ್ಷಗಳನ್ನು ಕಳೆದಿದ್ದೇನೆ. ನಮ್ಮ ಭಾಗದಲ್ಲಿ ಮನೆಮನೆಗೂ ಗೊತ್ತಿರುವ ವಿಧಿ ಒಂದೇ, ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ 371(ಜೆ). 98ನೇ ತಿದ್ದುಪಡಿಯಿಂದ ಅದು 2013ರಲ್ಲಿ ಬಂತು. ಅದನ್ನೂ ಜನ ಬಲ್ಲದ್ದು ಕಾಲೇಜು ಸೀಟಿಗೆ, ನೌಕರಿಗೆ ಲಗತ್ತಿಸುವ ಪ್ರಮಾಣಪತ್ರವಾಗಿ.

ಅರ್ಜಿಯನ್ನು ನಾನು ತಿದ್ದಲಿಲ್ಲ. ‘ಪ್ರಜೆ ಎಂದರೆ ಯಾರು ಎಂದು ಮನೆಯ ಹಿರಿಯರನ್ನು ಕೇಳಿ ಬನ್ನಿ’ ಎಂದು ಮನೆಗೆಲಸ ಕೊಟ್ಟೆ. ಮರುದಿನ ಹೆಚ್ಚಿನವರು ತಂದ ಉತ್ತರ ಒಂದೇ: ರಾಜನ ಕೈಕೆಳಗಿನವರು. ಒಬ್ಬ ಹುಡುಗ ಮಾತ್ರ ತನ್ನ ಮುತ್ಯಾನನ್ನೇ ಕರೆತಂದ. ತೊಂಬತ್ತರ ಹತ್ತಿರದ ಜೀವ. ಕುರ್ಚಿ ಬೇಡವೆಂದು ಕಟ್ಟೆಯ ಮೇಲೆ ಕುಳಿತರು. ‘ನಿಜಾಮನ ಕಾಲದಲ್ಲಿ ಲೇವಿ ಎಂದು ಕಡ್ಡಾಯದ ಜೋಳ ಒಯ್ಯಲು ಬರುತ್ತಿದ್ದರು ತಾಯಿ. ನಮ್ಮಪ್ಪ ಚಪ್ಪಲಿ ಬಿಟ್ಟು, ಕೈಕಟ್ಟಿ, ತಲೆ ಎತ್ತದೆ ನಿಲ್ಲುತ್ತಿದ್ದ. ಪ್ರಜೆ ಎಂದರೆ ಅದು’ ಎಂದರು. ಹೇಳುತ್ತ ಅವರ ಕೈಗಳು ತಾವಾಗಿಯೇ ಎದೆಯ ಮೇಲೆ ಕಟ್ಟಿಕೊಂಡವು. ಮಕ್ಕಳು ಆ ಕೈಗಳನ್ನೇ ನೋಡುತ್ತಿದ್ದರು.

ಆಮೇಲೆ ಹಲಗೆಯ ಮೇಲೆ ದಿನಾಂಕಗಳನ್ನು ಬರೆದೆ. 1947ರ ಆಗಸ್ಟ್ 15ರಂದು ನಮ್ಮ ಭಾಗ ಭಾರತದಲ್ಲಿ ಇರಲಿಲ್ಲ. ನಾವಿದ್ದ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರ ನಂತರ. ಸಂವಿಧಾನ ರಚನಾ ಸಭೆಗೆ ಸಂಸ್ಥಾನದಿಂದ ಪ್ರತಿನಿಧಿಗಳೇ ಹೋಗಿರಲಿಲ್ಲ. 1949ರ ನವೆಂಬರ್ 23ರಂದು ನಿಜಾಮರ ಫರ್ಮಾನು ಹೊರಟು ಆ ಸಂವಿಧಾನ ಇಲ್ಲಿಗೂ ಅನ್ವಯವಾಗುತ್ತದೆ ಎಂದಾಯಿತು. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ‘ಹಾಗಾದರೆ ನಾವು ಎಂದು ಬರೆಯುವಾಗ ನಮ್ಮವರು ಅಲ್ಲಿ ಇರಲೇ ಇಲ್ಲವೇ ಟೀಚರ್?’

ಇರಲಿಲ್ಲ ಎಂದೆ. ಸುಳ್ಳು ಸಮಾಧಾನ ಹೇಳಲು ಮನಸ್ಸು ಬರಲಿಲ್ಲ. ಆದರೆ ಮೊದಲ ಚುನಾವಣೆಯಲ್ಲಿ ಇಲ್ಲಿಯವರೂ ಮತ ಹಾಕಿದರು, ವಿಮೋಚನಾ ಹೋರಾಟದ ಸ್ವಾಮಿ ರಮಾನಂದ ತೀರ್ಥರನ್ನು 1952ರಲ್ಲಿ ಗುಲಬರ್ಗಾದಿಂದ ಲೋಕಸಭೆಗೆ ಕಳಿಸಿದರು. ಕೈಕಟ್ಟಿ ನಿಂತಿದ್ದ ಆ ಅಪ್ಪನಿಗೂ ಒಂದು ಮತ, ಜಾಗೀರದಾರನಿಗೂ ಒಂದೇ ಮತ. ಪ್ರಜೆ ಎಂಬ ಹಳೆಯ ಶಬ್ದಕ್ಕೆ ಹೊಸ ಅರ್ಥ ಬಂದದ್ದು ಅಲ್ಲಿ ಎಂದು ನಾನು ನಂಬಿದ್ದೇನೆ.

‘ನಮಗೆ ಮತವಿಲ್ಲವಲ್ಲ, 18 ತುಂಬುವವರೆಗೆ ನಾವು ಯಾರು?’ ಎಂದು ಇನ್ನೊಬ್ಬ ಕೇಳಿದ. ಇಷ್ಟು ವರ್ಷ ಕಲಿಸಿದ್ದರಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಸಿಕ್ಕಿಲ್ಲ. 326ನೇ ವಿಧಿಯನ್ನು ಎಲ್ಲರೂ ಕೂಡಿ ಓದಿದೆವು. ಅದು ಮತದಾನದ ವಯಸ್ಸಿನ ಮಾತು. 61ನೇ ತಿದ್ದುಪಡಿಗೆ ಮುಂಚೆ ಅಲ್ಲಿ 21 ಎಂದಿತ್ತು. ಪೌರತ್ವ ಬೇರೆ. ಭಾರತೀಯ ತಂದೆ ತಾಯಿಗೆ ಇಲ್ಲಿ ಹುಟ್ಟಿದ ಮಗು ತೊಟ್ಟಿಲಲ್ಲಿದ್ದಾಗಲೇ ನಾಗರಿಕ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆರೆದಾಗ ಶಾಲೆಗೆ ಸುರಕ್ಷಿತ ಕುಡಿಯುವ ನೀರು, ಹುಡುಗ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಎಂಬ ಸಾಲುಗಳು ಸಿಕ್ಕವು. ಕಾಯ್ದೆಯ ವ್ಯಾಪ್ತಿ ಎಂಟನೇ ತರಗತಿಯವರೆಗೆ. ಅಂದರೆ ಇವರವರೆಗೆ.

ಅರ್ಜಿಯನ್ನು ಅವರೇ ಮತ್ತೆ ಬರೆದರು. ಎರಡು ಪಿರಿಯಡ್ ವಾದವೇ ನಡೆಯಿತು. ಕೃಪೆ ಎನ್ನದಿದ್ದರೆ ಸಾಹೇಬರು ಸಿಟ್ಟಾಗುತ್ತಾರೆ ಎಂದು ಒಬ್ಬ ಹೆದರಿದ. ಕೊನೆಗೆ ‘ಮಾನ್ಯರೇ’ ಉಳಿಯಿತು, ‘ದಯಾಳು’ ಹೋಯಿತು. ‘ಬೇಡಿಕೊಳ್ಳುತ್ತೇವೆ’ ಇದ್ದಲ್ಲಿ ‘ಕೋರುತ್ತೇವೆ’ ಬಂತು. ಕಾಯ್ದೆಯ ಹೆಸರನ್ನು ಅಡಿಗೆರೆ ಎಳೆದು ಬರೆದರು. ಅದು ಹತ್ತಿ ಬಿಡಿಸುವ ಕಾಲ. ಒಂಬತ್ತು ಹುಡುಗಿಯರು ಹೊಲಕ್ಕೆ ಹೋಗಿದ್ದರು. ಅವರ ಸಹಿ ಇಲ್ಲದೆ ಅರ್ಜಿ ಹೋಗಕೂಡದು ಎಂದು ಗೆಳತಿಯರು ಹಟ ಹಿಡಿದರು. ಸಂಜೆ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದರು. ಹತ್ತಿಕಾಯಿಯ ಸಿಪ್ಪೆ ಗೀರಿದ ಬೆರಳುಗಳಲ್ಲಿ ಪೆನ್ನು ಸರಿಯಾಗಿ ನಿಲ್ಲದೆ ಆ ಒಂಬತ್ತು ಸಹಿಗಳು ಸ್ವಲ್ಪ ಸೊಟ್ಟಗಿವೆ.

ಮಕ್ಕಳ ಗ್ರಾಮಸಭೆಯಲ್ಲಿ ಅರ್ಜಿ ಓದಿದ್ದು ಹಿಂದಿನ ಬೆಂಚಿನ ಅದೇ ಹುಡುಗಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕಾಗದವನ್ನು ಎರಡು ಸಲ ತಿರುವಿ ನೋಡಿ, ‘ಇದನ್ನು ಯಾರು ಬರೆದುಕೊಟ್ಟರಮ್ಮ?’ ಎಂದರು. ಅವಳು ನನ್ನ ಕಡೆ ತಿರುಗಲಿಲ್ಲ.

‘ನಾವು’ ಎಂದಳು. ಆಮೇಲೆ ನಕಲು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಕೇಳಿ ಹಾಕಿಸಿಕೊಂಡಳು.

ಬಾಗಿಲು ಮೂರು ವಾರದಲ್ಲಿ ಬಂತು, ಒಳಗಿನಿಂದ ಚಿಲಕವೂ ಇದೆ. ನೀರು ಇನ್ನೂ ಬಂದಿಲ್ಲ. ಈ ವಾರ ಮಕ್ಕಳು ನೆನಪೋಲೆ ಬರೆಯುತ್ತಿದ್ದಾರೆ. ‘ಉಲ್ಲೇಖ’ ಎಂದು ಬರೆದು, ಮುಂದೆ ಹಿಂದಿನ ಅರ್ಜಿಯ ದಿನಾಂಕ ಹಾಕಬೇಕು ಎಂಬುದನ್ನಷ್ಟೇ ನಾನು ಹೇಳಿಕೊಟ್ಟೆ.