ಬೇರ್ಪಟ್ಟ ತಂದೆ ತಾಯಿ ಮತ್ತು ಮಗುವಿನ ಸಮಯ: ನ್ಯಾಯಾಲಯಕ್ಕೆ ಹೋಗುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ

ಮಗು ಯಾರ ಬಳಿ ಎಷ್ಟು ಕಾಲ ಇರಬೇಕೆಂಬ ವಿವಾದದಲ್ಲಿ ನ್ಯಾಯಾಲಯ ತೂಗಿ ನೋಡುವುದು ಮಗುವಿನ ಹಿತವನ್ನು. ತಂದೆ ತಾಯಿಯ ಹಕ್ಕಿನ ಪ್ರಶ್ನೆ ಅದರ ನಂತರದ್ದು. ಕಾನೂನಿನ ವಿವರಗಳು ದೇಶದಿಂದ ದೇಶಕ್ಕೆ ಬೇರೆಯಾಗಿದ್ದರೂ, ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿಯು, ಹೆತ್ತವರಿಂದ ದೂರವಾದ ಮಗುವಿಗೆ ಇಬ್ಬರೊಡನೆಯೂ ನಿಯಮಿತವಾಗಿ ನೇರ ಸಂಪರ್ಕ ಇಟ್ಟುಕೊಳ್ಳುವ ಹಕ್ಕಿದೆಯೆಂದೂ, ಅದು ಮಗುವಿನ ಹಿತಕ್ಕೆ ವಿರುದ್ಧವಾಗುವ ಸಂದರ್ಭ ಮಾತ್ರ ಇದಕ್ಕೆ ಹೊರತೆಂದೂ ಹೇಳುತ್ತದೆ.

ಆದ್ದರಿಂದ ಅರ್ಜಿ ಬರೆಸುವ ಮೊದಲು ಮಗುವಿನ ಒಂದು ವಾರದ ದಿನಚರಿಯನ್ನು ಕಾಗದದ ಮೇಲೆ ಇಳಿಸಿಕೊಳ್ಳಿ. ಬೆಳಿಗ್ಗೆ ಯಾರು ಎಬ್ಬಿಸುತ್ತಾರೆ, ಶಾಲೆಗೆ ಯಾರು ಬಿಡುತ್ತಾರೆ, ಜ್ವರ ಬಂದರೆ ವೈದ್ಯರ ಬಳಿಗೆ ಯಾರು ಕರೆದೊಯ್ಯುತ್ತಾರೆ, ರಾತ್ರಿ ಯಾರ ಪಕ್ಕದಲ್ಲಿ ಮಲಗುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ, ಇನ್ನೊಬ್ಬರು ಮಾಡುವ ಕೆಲಸವನ್ನೂ ಬಿಡದೆ ಬರೆಯಿರಿ. ನಿಮ್ಮ ಕೆಲಸದ ವೇಳೆ, ಎರಡು ಮನೆಗಳ ನಡುವಿನ ದೂರ, ಶಾಲೆಯ ವೇಳಾಪಟ್ಟಿ ಇವುಗಳೊಡನೆ ಹೊಂದುವಂತೆ, ಪ್ರಾಯೋಗಿಕವಾಗಿ ನಡೆಯಬಲ್ಲ ಯೋಜನೆಯೊಂದನ್ನು ನೀವೇ ಮುಂದಿಡಿ.

ವಯಸ್ಸು ಬಹಳ ಮುಖ್ಯ. ಹಸುಳೆಯ ವಿಷಯದಲ್ಲಿ ಅಪರೂಪದ ದೀರ್ಘ ಭೇಟಿಗಿಂತ ಮೇಲಿಂದ ಮೇಲೆ ನಡೆಯುವ ಚಿಕ್ಕ ಭೇಟಿಗಳೇ ಸಾಮಾನ್ಯವಾಗಿ ಹಿತ. ಬುದ್ಧಿ ಬಲಿತ ಮಗುವಿನ ಅಭಿಪ್ರಾಯಕ್ಕೆ, ಒಡಂಬಡಿಕೆಯ 12ನೇ ವಿಧಿಯಂತೆ, ವಯಸ್ಸು ಮತ್ತು ಪ್ರೌಢತೆಗೆ ತಕ್ಕ ಬೆಲೆ ಸಿಗಬೇಕು. ಆದರೆ ಮಗುವಿನ ಇಚ್ಛೆಯೇ ಅಂತಿಮ ತೀರ್ಪಲ್ಲ. ನ್ಯಾಯಾಧೀಶರಾಗಲಿ ಆಪ್ತಸಮಾಲೋಚಕರಾಗಲಿ ಮಗುವಿನೊಡನೆ ಪ್ರತ್ಯೇಕವಾಗಿ ಮಾತನಾಡುವಾಗ, ಹೇಳಿಕೊಟ್ಟ ಮಾತು ಬಹುಪಾಲು ಅವರಿಗೆ ಗೊತ್ತಾಗಿಬಿಡುತ್ತದೆ. ಅದಕ್ಕಿಂತ ಮಿಗಿಲಾಗಿ, ಇಬ್ಬರಲ್ಲಿ ಒಬ್ಬರನ್ನು ಆರಿಸೆಂದು ಮಗುವನ್ನು ಒತ್ತಾಯಿಸುವುದು ಅದರ ಮೇಲೆ ಹೊರಿಸಬಾರದ ಭಾರ. ದಯವಿಟ್ಟು ಆ ಕೆಲಸ ಮಾಡಬೇಡಿ.

ಹೆತ್ತವರ ನಡವಳಿಕೆಯನ್ನೂ ನ್ಯಾಯಾಲಯ ಗಮನಿಸುತ್ತದೆ. ಮಗುವಿಗೂ ಇನ್ನೊಬ್ಬರಿಗೂ ಇರುವ ಬಾಂಧವ್ಯವನ್ನು ಉಳಿಸಲು ಮನಸ್ಸಿರುವವರ ಕಡೆಗೆ ಅನೇಕ ನ್ಯಾಯಾಲಯಗಳು ಒಲವು ತೋರುತ್ತವೆ. ನೀವು ಕಳುಹಿಸಿದ ಪ್ರತಿಯೊಂದು ಸಂದೇಶವೂ ಮುಂದೆ ಸಾಕ್ಷ್ಯವಾಗಬಹುದೆಂಬ ಎಚ್ಚರದಿಂದಲೇ ಬರೆಯಿರಿ. ಜೀವನಾಂಶ ಬಂದಿಲ್ಲವೆಂದು ಭೇಟಿಯನ್ನು ತಡೆಯುವುದಾಗಲಿ, ಭೇಟಿ ಸಿಗಲಿಲ್ಲವೆಂದು ಜೀವನಾಂಶ ನಿಲ್ಲಿಸುವುದಾಗಲಿ ಸಲ್ಲದು. ಸಾಮಾನ್ಯವಾಗಿ ಇವೆರಡನ್ನೂ ಬೇರೆ ಬೇರೆ ವಿಷಯಗಳೆಂದೇ ಪರಿಗಣಿಸಲಾಗುತ್ತದೆ.

ಹಿಂಸೆ, ವ್ಯಸನ ಅಥವಾ ದೌರ್ಜನ್ಯದ ಭಯವಿದ್ದರೆ ಮಾತು ಬೇರೆ. ಅಂಥಲ್ಲಿ ಹೊಂದಾಣಿಕೆಯ ಹೆಸರಿನಲ್ಲಿ ಸುಮ್ಮನಿರದೆ, ವೈದ್ಯಕೀಯ ದಾಖಲೆ, ಪೊಲೀಸ್ ದೂರು, ಕಣ್ಣಾರೆ ಕಂಡವರ ಹೇಳಿಕೆ ಇವುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ವಕೀಲರಿಗೆ ಮೊದಲ ದಿನವೇ ತಿಳಿಸಿ. ನ್ಯಾಯಾಲಯವು ಮೂರನೆಯ ವ್ಯಕ್ತಿಯ ಸಮ್ಮುಖದಲ್ಲಿ ಮಾತ್ರ ಭೇಟಿಗೆ ಅವಕಾಶ ಕೊಡಬಹುದು, ರಾತ್ರಿ ತಂಗುವುದನ್ನು ನಿರ್ಬಂಧಿಸಬಹುದು, ಅಗತ್ಯವಾದರೆ ಭೇಟಿಯನ್ನೇ ತಡೆಹಿಡಿಯಬಹುದು.

ಅಂತಿಮ ತೀರ್ಪು ಬರುವವರೆಗೆ ನ್ಯಾಯಾಲಯ ಕೊಡುವ ಮಧ್ಯಂತರ ಆದೇಶವನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಪ್ರಕರಣ ಎಳೆದಾಡುವಷ್ಟು ಕಾಲವೂ ಮಗು ಅದೇ ವ್ಯವಸ್ಥೆಗೆ ಒಗ್ಗಿಕೊಳ್ಳುತ್ತದೆ, ಒಗ್ಗಿದ್ದನ್ನು ಕದಲಿಸಲು ನ್ಯಾಯಾಧೀಶರು ಹಿಂಜರಿಯುತ್ತಾರೆ. ಸುರಕ್ಷತೆಯ ಅಡ್ಡಿಯಿಲ್ಲದಿದ್ದರೆ ಮಧ್ಯಸ್ಥಿಕೆಯ ಮೂಲಕ ಒಪ್ಪಂದಕ್ಕೆ ಬರುವುದು ಮೇಲು.

ಆದೇಶವಾಗಲಿ ಒಪ್ಪಂದವಾಗಲಿ, ಮಗುವನ್ನು ಒಪ್ಪಿಸುವ ಸ್ಥಳ ಮತ್ತು ವೇಳೆ, ರಜೆಯ ಹಂಚಿಕೆ, ಫೋನ್ ಕರೆಯ ಸಮಯ, ಕಾಯಿಲೆಯಿಂದ ತಪ್ಪಿದ ಭೇಟಿಗೆ ಬದಲಿ ದಿನ, ಪಾಸ್‌ಪೋರ್ಟ್ ಯಾರ ಬಳಿ ಇರಬೇಕು ಎಂಬುದು ಸ್ಪಷ್ಟವಾಗಿ ಬರಹದಲ್ಲಿರಲಿ. ಒಪ್ಪಿಗೆಯಿಲ್ಲದೆ ಮಗುವನ್ನು ಗಡಿ ದಾಟಿಸಿದರೆ, ಮಕ್ಕಳ ಅಂತರರಾಷ್ಟ್ರೀಯ ಅಪಹರಣವನ್ನು ಕುರಿತ 1980ರ ಹೇಗ್ ಒಡಂಬಡಿಕೆಗೆ ಸೇರಿದ ದೇಶಗಳ ನಡುವೆ, 16 ವರ್ಷದೊಳಗಿನ ಮಗುವನ್ನು ಅದು ವಾಸವಾಗಿದ್ದ ದೇಶಕ್ಕೆ ಮರಳಿಸುವ ಕ್ರಮ ಜರುಗಬಹುದು. ಮಗು ಬೆಳೆದಂತೆ, ಇಲ್ಲವೇ ಒಬ್ಬರು ಊರು ಬದಲಿಸಿದಾಗ ಹಳೆಯ ಆದೇಶ ಹೊಂದದೆ ಹೋದರೆ, ಅದನ್ನು ಮುರಿಯುವ ಬದಲು ಮಾರ್ಪಾಡು ಕೋರಿ ಅದೇ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ.